ಗೋಡೆ ಬೆವರಿದರೆ ಯಾರ ತಪ್ಪು?

ರಾಚ್‌ಡೇಲ್ ಎಂಬ ಊರಿನ ಹೆಸರು ಸಹಕಾರಿ ಚಳವಳಿಯ ಇತಿಹಾಸವನ್ನು ಅಲ್ಪಸ್ವಲ್ಪ ಓದಿದವರಿಗೆಲ್ಲ ಪರಿಚಿತ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿರುವ, ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿಂದ ತುಂಬಿದ್ದ ಊರು ಅದು. 1844ರ ಡಿಸೆಂಬರ್ 21ರಂದು ಅಲ್ಲಿನ ಟೋಡ್ ಲೇನ್ ಎಂಬ ಬೀದಿಯಲ್ಲಿ ನೇಕಾರರೂ ಕುಶಲಕರ್ಮಿಗಳೂ ಸೇರಿ ಒಂದು ಅಂಗಡಿ ತೆರೆದರು. ಮೊದಲ ಸದಸ್ಯರು 28 ಮಂದಿ, ಬಂಡವಾಳ 28 ಪೌಂಡ್. ಬೆಣ್ಣೆ, ಸಕ್ಕರೆ, ಹಿಟ್ಟು, ಒಂದಿಷ್ಟು ಮೇಣದ ಬತ್ತಿ, ಇವಿಷ್ಟೇ ಸರಕು. ಕಲಬೆರಕೆ ಇಲ್ಲ, ಲಾಭ ಸದಸ್ಯರದ್ದೇ. ಆ ಅಂಗಡಿಯಿಂದ ಹೊರಟ ವಿಚಾರ 1905ರಲ್ಲಿ ಗದಗದ ಬಳಿಯ ಕಣಗಿನಹಾಳಕ್ಕೂ ಬಂದು ಮುಟ್ಟಿತು. ಇಂದು ನಮ್ಮ ಹಳ್ಳಿಗಳ ಹಾಲಿನ ಡೇರಿಯಲ್ಲಿ ಸರತಿಯಲ್ಲಿ ನಿಲ್ಲುವವರೂ ಒಂದರ್ಥದಲ್ಲಿ ಟೋಡ್ ಲೇನಿನ ವಾರಸುದಾರರೇ.

ಅದೇ ರಾಚ್‌ಡೇಲಿನ ಅವಾಬ್ ಇಶಾಕ್ ಎಂಬ ಮಗು 2020ರ ಅದೇ ಡಿಸೆಂಬರ್ 21ರಂದು ತೀರಿಕೊಂಡಿತು. ಎರಡನೆಯ ಹುಟ್ಟುಹಬ್ಬ ಕಳೆದು ಕೆಲವೇ ದಿನಗಳಾಗಿದ್ದವು. ಹೆತ್ತವರು ಸುಡಾನ್ ದೇಶದಿಂದ ಬಂದು ಅಲ್ಲಿ ನೆಲೆಸಿದವರು. ಅವರಿದ್ದುದು ಒಂದು ಸಣ್ಣ ಬಾಡಿಗೆ ಫ್ಲ್ಯಾಟಿನಲ್ಲಿ. ಅಡುಗೆಮನೆಯ ಗೋಡೆಯಲ್ಲಿ, ಬಚ್ಚಲುಮನೆಯ ಗೋಡೆಯಲ್ಲಿ ಕಪ್ಪು ಬೂಷ್ಟು. ಮಗುವಿನ ಸಾವಿಗೆ ಕಾರಣವಾದ ತೀವ್ರ ಉಸಿರಾಟದ ಕಾಯಿಲೆ ಈ ಬೂಷ್ಟಿನ ನಡುವೆ ದೀರ್ಘಕಾಲ ಬದುಕಿದ್ದರಿಂದಲೇ ಬಂದದ್ದೆಂದು, ಸಾವಿನ ವಿಚಾರಣೆ ನಡೆಸಿದ ಕಾರೊನರ್ ಜೋಆನ್ ಕಿಯರ್ಸ್ಲಿ 2022ರ ನವೆಂಬರಿನಲ್ಲಿ ತೀರ್ಮಾನ ನೀಡಿದರು. 2020ನೇ ಇಸವಿಯ ಬ್ರಿಟನ್ನಿನಲ್ಲಿ ಎರಡು ವರ್ಷದ ಮಗುವೊಂದು ಗೋಡೆಯ ಬೂಷ್ಟಿನಿಂದ ಸಾಯುವುದು ಹೇಗೆ ಸಾಧ್ಯವಾಯಿತು ಎಂದು ಅವರು ಕೇಳಿದರು.

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಸುಮಾರು 190 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಬಾಡಿಗೆ ಮನೆಯ ತೇವಕ್ಕೆ ದೊಡ್ಡ ಇತಿಹಾಸವಿದೆ. ಆ ಇತಿಹಾಸದ ಉದ್ದಕ್ಕೂ ಒಂದು ಜಗಳ ನಡೆದು ಬಂದಿದೆ. ಗೋಡೆ ಒದ್ದೆಯಾದರೆ ತಪ್ಪು ಮನೆಯದ್ದೋ, ಅಥವಾ ಮನೆಯೊಳಗೆ ಉಸಿರಾಡುವವನದ್ದೋ?

ಮೊದಲು ತೇವದ ವಿಷಯವನ್ನೇ ಸ್ವಲ್ಪ ತಿಳಿದುಕೊಳ್ಳೋಣ. ಕರಾವಳಿಯವರಿಗೆ ತೇವ ಹೊಸತಲ್ಲ. ಆದರೆ ಜುಲೈಯ ಮಳೆಯಲ್ಲಿ ನಮ್ಮ ಮನೆಯ ಚಪ್ಪಲಿಗೆ ಬೂಷ್ಟು ಹಿಡಿಯುವುದಕ್ಕೂ ಚಳಿ ದೇಶದ ಗೋಡೆಗೆ ಬೂಷ್ಟು ಹಿಡಿಯುವುದಕ್ಕೂ ವ್ಯತ್ಯಾಸವಿದೆ. ಅಲ್ಲಿ ತೇವ ಮೂರು ದಾರಿಯಿಂದ ಬರುತ್ತದೆ. ನೆಲದ ನೀರು ಅಡಿಪಾಯದಿಂದ ಇಟ್ಟಿಗೆಯ ಮೂಲಕ ಮೇಲಕ್ಕೇರುವುದು ಒಂದು. ಮಳೆನೀರು ಮಾಡಿನಿಂದಲೋ ಗೋಡೆಯಿಂದಲೋ ಒಳಗೆ ಜಿನುಗುವುದು ಇನ್ನೊಂದು. ಮೂರನೆಯದೇ ಜಗಳಕ್ಕೆ ಮೂಲ. ತಣ್ಣಗಿನ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ನೋಡಿದ್ದೇವೆ. ಆ ನೀರು ಲೋಟದ ಒಳಗಿನಿಂದ ಬಂದದ್ದಲ್ಲ, ಗಾಳಿಯಲ್ಲಿದ್ದದ್ದು. 20 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 5 ಡಿಗ್ರಿಗೆ ತಣಿದರೆ 7 ಗ್ರಾಂ ಮಾತ್ರ. ಉಳಿದದ್ದು ನೀರಾಗಿ ಇಳಿಯಲೇಬೇಕು. ಹೊರಗೆ ಹಿಮ ಬೀಳುವಾಗ ತೆಳು ಗೋಡೆಯ, ಒಂಟಿ ಗಾಜಿನ ಕಿಟಕಿಯ ಮನೆಯೇ ಆ ಲೋಟ. ನಾಲ್ಕು ಜನರ ಸಂಸಾರ ಉಸಿರಾಡಿ, ಅಡುಗೆ ಮಾಡಿ, ಮಿಂದು, ಬಟ್ಟೆ ಒಣಗಿಸುವಷ್ಟರಲ್ಲಿ ದಿನಕ್ಕೆ ಸುಮಾರು 10 ಲೀಟರ್ ನೀರು ಗಾಳಿಗೆ ಸೇರುತ್ತದೆ. ಗೋಡೆ ತಣ್ಣಗಿದ್ದರೆ ಅದು ಗೋಡೆಯ ಮೇಲೆ ಕೂರುತ್ತದೆ. ಕೂತ ನೀರು ಆರದಿದ್ದರೆ ಬೂಷ್ಟು.

ಅಂದರೆ ಇದಕ್ಕೆ ಎರಡು ಬೇಕು, ಬೆಚ್ಚಗಿನ ಒದ್ದೆ ಗಾಳಿ ಮತ್ತು ತಣ್ಣಗಿನ ಗೋಡೆ. ಒದ್ದೆ ಗಾಳಿ ಬಾಡಿಗೆದಾರನದ್ದು, ತಣ್ಣಗಿನ ಗೋಡೆ ಮಾಲಿಕನದ್ದು. ಯಾವುದನ್ನು ಕಾರಣವೆನ್ನಬೇಕು ಎಂಬುದನ್ನು ವಿಜ್ಞಾನ ಒಂದೇ ಮಾತಿನಲ್ಲಿ ಹೇಳಲಾರದು. ಅದನ್ನು ತೀರ್ಮಾನಿಸುತ್ತಾ ಬಂದದ್ದು ಅಧಿಕಾರ.

1832ರಲ್ಲಿ ಮ್ಯಾಂಚೆಸ್ಟರಿಗೆ ಕಾಲರಾ ಬಂದಾಗ ಜೇಮ್ಸ್ ಕೇ ಎಂಬ ವೈದ್ಯರು ಅಲ್ಲಿನ ಹತ್ತಿ ಗಿರಣಿ ಕಾರ್ಮಿಕರ ಸ್ಥಿತಿಯ ಬಗ್ಗೆ ಒಂದು ಪುಸ್ತಿಕೆ ಬರೆದರು. ನೆಲಮಾಳಿಗೆಗಳಲ್ಲಿ, ಚರಂಡಿಯ ಮಟ್ಟಕ್ಕಿಂತ ಕೆಳಗೆ, ಬೆಳಕಿಲ್ಲದೆ ಬದುಕುತ್ತಿದ್ದ ಕುಟುಂಬಗಳನ್ನು ಅವರು ಕಣ್ಣಾರೆ ಕಂಡವರು. ಕಂಡು ಮರುಗಿದವರೂ ಹೌದು. ಆದರೆ ದೋಷ ಹೊರಿಸುವಾಗ ಅವರ ಬೆರಳು ಹೋದದ್ದು ವಲಸೆ ಬಂದ ಐರಿಷ್ ಬಡವರ ಕಡೆಗೆ. ಕನಿಷ್ಠ ಬದುಕಿಗೆ ಒಗ್ಗಿಕೊಳ್ಳುವ ಕೆಟ್ಟ ಪಾಠವನ್ನು ಇಂಗ್ಲಿಷ್ ಕಾರ್ಮಿಕರಿಗೆ ಕಲಿಸಿದವರು ಅವರೇ ಎಂದು ಕೇ ಬರೆದರು. ಹತ್ತು ವರ್ಷಗಳ ಬಳಿಕ, 1842ರಲ್ಲಿ ಎಡ್ವಿನ್ ಚಾಡ್ವಿಕ್ ಪ್ರಕಟಿಸಿದ ಪ್ರಸಿದ್ಧ ವರದಿ ಈ ವಾದವನ್ನು ಬಹುಮಟ್ಟಿಗೆ ತಿರುಗಿಸಿ ಹಾಕಿತು. ಕೊಳಕು ಅಭ್ಯಾಸದಿಂದ ಕೊಳಕು ಮನೆ ಹುಟ್ಟುವುದಲ್ಲ, ಕೊಳಕು ಮನೆಯಿಂದಲೇ ಅಭ್ಯಾಸ ಕೆಡುವುದು ಎಂಬುದು ಅದರ ಸಾರ. ಅದೇ ವರ್ಷ ಮ್ಯಾಂಚೆಸ್ಟರಿಗೆ ಬಂದಿಳಿದ ಗಿರಣಿ ಮಾಲಿಕನ ಮಗ ಫ್ರೆಡ್ರಿಕ್ ಏಂಗೆಲ್ಸ್ ಆ ಊರಿನ ಗಲ್ಲಿಗಳನ್ನು ಸುತ್ತಿ 1845ರಲ್ಲಿ ಪುಸ್ತಕ ಬರೆದ. ಮೆಡ್ಲಾಕ್, ಇರ್ಕ್ ನದಿಗಳ ದಂಡೆಯ ಒದ್ದೆ ಮನೆಗಳ ವರ್ಣನೆ ಅದರಲ್ಲಿ ತುಂಬಿದೆ. ತಮಾಷೆಯೆಂದರೆ ಇಡೀ ವ್ಯವಸ್ಥೆಯನ್ನೇ ಕಟಕಟೆಯಲ್ಲಿ ನಿಲ್ಲಿಸಿದ ಏಂಗೆಲ್ಸ್‌ನಿಗೂ ಐರಿಷರ ಅಧ್ಯಾಯಕ್ಕೆ ಬರುವಾಗ ಅವರ ಕೊಳಕು, ಅವರ ಹಂದಿಗಳೇ ಕಣ್ಣಿಗೆ ಕಂಡವು. ವಲಸಿಗನ ಅಭ್ಯಾಸವನ್ನು ದೂರುವ ಮನೋಭಾವ ಎಷ್ಟು ಆಳದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಲಿವರ್‌ಪೂಲ್ ನಗರ 1847ರಲ್ಲಿ ವಿಲಿಯಂ ಹೆನ್ರಿ ಡಂಕನ್ ಅವರನ್ನು ಬ್ರಿಟನ್ನಿನ ಮೊತ್ತಮೊದಲ ನಗರ ಆರೋಗ್ಯಾಧಿಕಾರಿಯಾಗಿ ನೇಮಿಸಿಕೊಂಡಿತು. ನೆಲಮಾಳಿಗೆಗಳನ್ನು ತೆರವು ಮಾಡಿಸುವುದು ಆಗಿನ ದೊಡ್ಡ ಕಾರ್ಯಕ್ರಮವಾಗಿತ್ತು. ತೆರವಾದವರಿಗೆ ಬೇರೆ ಮನೆಯನ್ನು ಯಾರೂ ಕಟ್ಟಿಸಿರಲಿಲ್ಲ. ಅವರು ಪಕ್ಕದ ಬೀದಿಯ ಕಿಕ್ಕಿರಿದ ಕೋಣೆಗಳಿಗೇ ಹೋಗಿ ಸೇರಿಕೊಂಡರು.

ಕಾನೂನು ಏನು ಹೇಳುತ್ತಿತ್ತು? ಇಲ್ಲಿ ಒಂದು ಸ್ವಾರಸ್ಯದ ಪ್ರಕರಣವಿದೆ. 1843ರಲ್ಲಿ ಸರ್ ಥಾಮಸ್ ಮ್ಯಾರಬಲ್ ಎಂಬ ಗಣ್ಯರು ಸಮುದ್ರ ತೀರದ ಬ್ರೈಟನ್ನಿನಲ್ಲಿ ಪೀಠೋಪಕರಣ ಸಹಿತವಾದ ಒಂದು ಮನೆಯನ್ನು ಕೆಲವು ವಾರಗಳ ಮಟ್ಟಿಗೆ ಬಾಡಿಗೆಗೆ ಹಿಡಿದರು. ಹಾಸಿಗೆ ತುಂಬ ತಿಗಣೆ. ಮನೆ ಬಿಟ್ಟು ಹೊರಟರು. ಮಾಲಿಕ ಬಾಡಿಗೆಗಾಗಿ ದಾವೆ ಹೂಡಿದ. ಪೀಠೋಪಕರಣ ಸಹಿತ ಮನೆಯನ್ನು ಕೊಡುವವನು ಅದು ವಾಸಯೋಗ್ಯವಾಗಿದೆ ಎಂದು ಮಾತುಕೊಟ್ಟಂತೆಯೇ ಎಂದು ನ್ಯಾಯಾಲಯ ಹೇಳಿ, ಮ್ಯಾರಬಲ್ ಗೆದ್ದರು. ಅದರ ಬೆನ್ನಿಗೇ ಬಂದ ಇನ್ನೊಂದು ಪ್ರಕರಣದಲ್ಲಿ ಬರಿಯ ಮನೆಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ತೀರ್ಪಾಯಿತು. ಕಾರ್ಮಿಕರು ಬಾಡಿಗೆಗೆ ಹಿಡಿಯುತ್ತಿದ್ದುದು ಬರಿಯ ಮನೆಗಳನ್ನೇ. ಹೀಗೆ ರಜೆ ಕಳೆಯಲು ಬಂದವನ ಹಾಸಿಗೆಗೆ ಸಿಕ್ಕ ರಕ್ಷಣೆ ವರ್ಷಪೂರ್ತಿ ಅಲ್ಲೇ ಬದುಕಿ ಸಾಯುವವನ ಗೋಡೆಗೆ ಸಿಗಲಿಲ್ಲ. 1863ರ ಒಂದು ತೀರ್ಪಿನಲ್ಲಂತೂ, ಮೋಸ ಮಾಡದಿದ್ದರಾಯಿತು, ಬೀಳುವ ಸ್ಥಿತಿಯ ಮನೆಯನ್ನು ಬಾಡಿಗೆಗೆ ಕೊಡುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ ಎಂದು ನ್ಯಾಯಾಧೀಶರು ನೇರವಾಗಿಯೇ ಹೇಳಿದರು.

1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಹೊಸ ಮನೆಗಳ ಗೋಡೆಯ ಬುಡದಲ್ಲಿ ಸ್ಲೇಟು ಅಥವಾ ಡಾಮರಿನ ಪದರ ಹಾಕಿ ನೆಲದ ತೇವ ಏರದಂತೆ ತಡೆಯುವ ನಿಯಮ ರೂಢಿಗೆ ಬಂತು. 1885ರಲ್ಲಿ ಕಾರ್ಮಿಕರ ವಸತಿ ಕಾಯ್ದೆಯೂ ಬಂತು. ಕಡಿಮೆ ಬಾಡಿಗೆಯ ಮನೆಗಳು ಬಾಡಿಗೆಗೆ ಕೊಡುವಾಗ ವಾಸಯೋಗ್ಯವಾಗಿರಬೇಕು ಎಂಬ ಷರತ್ತು ಅದರಲ್ಲಿತ್ತು. ಒಳ್ಳೆಯದೇ ಆಯಿತು ಅನ್ನಬೇಡಿ. ಕಡಿಮೆ ಬಾಡಿಗೆ ಎಂದರೆ ಎಷ್ಟು ಎಂಬ ಮಿತಿಯನ್ನು 1957ರಲ್ಲಿ ಲಂಡನ್ನಿಗೆ ವರ್ಷಕ್ಕೆ 80 ಪೌಂಡ್, ಉಳಿದ ಕಡೆ 52 ಪೌಂಡ್ ಎಂದು ನಿಗದಿ ಮಾಡಿದರು. ಆಮೇಲೆ ಅದನ್ನು ಯಾರೂ ಏರಿಸಲಿಲ್ಲ. 1985ರ ಕಾಯ್ದೆಯಲ್ಲೂ ಅದೇ 80, ಅದೇ 52. ವಾರಕ್ಕೆ ಒಂದು ಪೌಂಡಿಗೆ ಮನೆ ಸಿಗುವ ಕಾಲ ಎಂದೋ ಮುಗಿದಿತ್ತು. ಕಾಯ್ದೆ ಪುಸ್ತಕದಲ್ಲಿತ್ತು, ಅದು ಅನ್ವಯಿಸುವ ಮನೆ ಮಾತ್ರ ದೇಶದಲ್ಲಿ ಎಲ್ಲೂ ಇರಲಿಲ್ಲ. ಈ ಮಿತಿಯನ್ನು ತೆಗೆದುಹಾಕಲು ಸಂಸದೆ ಕ್ಯಾರನ್ ಬಕ್ ತಂದ ಖಾಸಗಿ ಮಸೂದೆಯೇ ಬೇಕಾಯಿತು. ಅದು 2018ರಲ್ಲಿ ಕಾಯ್ದೆಯಾಗಿ 2019ರ ಮಾರ್ಚ್‌ನಿಂದ ಇಂಗ್ಲೆಂಡಿನಲ್ಲಿ ಜಾರಿಗೆ ಬಂತು.

ಇರಲಿ, ಗೋಡೆ ಬೆವರುವ ಕಥೆಗೆ ಬರೋಣ. ಹಳೆಯ ಮನೆಗಳಲ್ಲಿ ನೆಲದ ತೇವ ಇತ್ತು, ಸೋರುವ ಮಾಡು ಇತ್ತು. ಆದರೆ ಕೋಣೆಗೊಂದು ಕಲ್ಲಿದ್ದಲ ಒಲೆಯೂ ಇತ್ತು. ಒಲೆಯ ಬೆಂಕಿ ಕೋಣೆಯ ಗಾಳಿಯನ್ನು ಎಳೆದು ಚಿಮಣಿಯ ಮೂಲಕ ಹೊರಗೆ ಕಳುಹಿಸುತ್ತಿತ್ತು. ಕಿಟಕಿಯ ಸಂದಿನಿಂದ ಹೊಸ ಗಾಳಿ ನುಗ್ಗುತ್ತಿತ್ತು. ಚಳಿಯಾಗುತ್ತಿತ್ತು ನಿಜ, ಜೊತೆಗೆ ನೀರಾವಿಯೂ ಹೊರಹೋಗುತ್ತಿತ್ತು. 1952ರ ಲಂಡನ್ನಿನ ಮಹಾ ಹೊಗೆಮಂಜಿನಲ್ಲಿ ಸಾವಿರಾರು ಜನ ಸತ್ತ ಬಳಿಕ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಕಲ್ಲಿದ್ದಲ ಒಲೆಗಳು ಒಂದೊಂದಾಗಿ ಆರಿದವು, ಒಲೆಯ ಬಾಯಿಗೆ ಹಲಗೆ ಹೊಡೆದರು. ಬೀದಿಯ ಗಾಳಿ ಶುದ್ಧವಾಯಿತು, ಮನೆಯ ಗಾಳಿ ಒಳಗೇ ನಿಂತಿತು.

ಅದೇ ಕಾಲಕ್ಕೆ ಕೊಳೆಗೇರಿಗಳನ್ನು ಕೆಡವಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ದೊಡ್ಡ ದೊಡ್ಡ ವಸತಿ ಕಟ್ಟಡಗಳನ್ನು ಎಬ್ಬಿಸಲಾಯಿತು. ಕಾಂಕ್ರೀಟು ಚಳಿಯನ್ನು ಸಲೀಸಾಗಿ ಒಳಗೆ ದಾಟಿಸುವ ವಸ್ತು. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಚ್ಚಹೊಸ ಕಟ್ಟಡದಲ್ಲಿ ಗ್ಯಾಸ್ ಸ್ಫೋಟಿಸಿ ಒಂದು ಮೂಲೆಯೇ ಕುಸಿದು ನಾಲ್ವರು ಸತ್ತರು. ಆನಂತರ ಇಂಥ ಅನೇಕ ಕಟ್ಟಡಗಳಿಂದ ಗ್ಯಾಸ್ ಸಂಪರ್ಕ ಕಿತ್ತು ವಿದ್ಯುತ್ ಹೀಟರುಗಳನ್ನು ಹಾಕಿದರು. 1973ರ ತೈಲ ಬಿಕ್ಕಟ್ಟಿನಿಂದ ವಿದ್ಯುತ್ ದರ ಏರಿತು. ಬಡವರು ಹೀಟರ್ ಆರಿಸಿ ಸೀಮೆಎಣ್ಣೆಯ ಸ್ಟವ್ ತಂದಿಟ್ಟುಕೊಂಡರು. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು ಒಂದು ಲೀಟರ್ ನೀರೇ ಆವಿಯಾಗಿ ಕೋಣೆ ಸೇರುತ್ತದೆ. ತಣ್ಣಗಿನ ಗೋಡೆ, ಹೊರಹೋಗದ ಗಾಳಿ, ಅದರ ಮೇಲೆ ಇದೊಂದು. ಮುಂದೇನಾಯಿತೆಂದು ಹೇಳಬೇಕಾಗಿಲ್ಲ.

ಗ್ಲಾಸ್ಗೋ ನಗರದ ಗಾರ್ಬಲ್ಸ್ ಪ್ರದೇಶದ ಹಚೆಸನ್‌ಟೌನ್ ಇ ಎಂಬ ಬಡಾವಣೆ ಇದಕ್ಕೆ ದೊಡ್ಡ ಉದಾಹರಣೆ. ಹಳೆಯ ಗಾರ್ಬಲ್ಸ್ ಇಡೀ ಯುರೋಪಿನಲ್ಲೇ ಕುಖ್ಯಾತವಾದ ಕೊಳೆಗೇರಿಯಾಗಿತ್ತು. ಅಲ್ಲಿಂದ ಹೊಸ ಫ್ಲ್ಯಾಟಿಗೆ ಬಂದವರಿಗೆ ಮನೆಯೊಳಗೇ ಬಚ್ಚಲು, ಮನೆಯೊಳಗೇ ಕಕ್ಕಸು ಎಂಬುದೇ ದೊಡ್ಡ ಸಂಭ್ರಮ. ಫ್ರಾನ್ಸಿನಲ್ಲಿ ರೂಪಿಸಿದ ಟ್ರಾಕೋಬಾ ಎಂಬ ಕಾಂಕ್ರೀಟ್ ಹಲಗೆಯ ಪದ್ಧತಿಯಲ್ಲಿ ಅವನ್ನು ಕಟ್ಟಲಾಗಿತ್ತು. ಕೆಲವೇ ವರ್ಷಗಳಲ್ಲಿ ಗೋಡೆ ಕಪ್ಪಾಯಿತು, ಬಟ್ಟೆ, ಹಾಸಿಗೆ, ಕಾರ್ಪೆಟ್ಟು ಕೊಳೆಯತೊಡಗಿದವು. ದೂರು ಕೊಟ್ಟವರಿಗೆ ನಗರಾಡಳಿತದಿಂದ ಸಿಕ್ಕ ಉತ್ತರ ಒಂದೇ. ಇದು ತೇವವಲ್ಲ, ನಿಮ್ಮ ಉಸಿರಿನ ಆವಿ ಹನಿಗಟ್ಟಿದ್ದು, ಹೀಟರ್ ಹಾಕಿ, ಕಿಟಕಿ ತೆರೆಯಿರಿ. ಹಣ ಕೊಟ್ಟು ಕಾಯಿಸಿದ ಗಾಳಿಯನ್ನು ಕಿಟಕಿಯಿಂದ ಹೊರಗೆ ಚೆಲ್ಲಬೇಕೆಂಬ ಈ ಬುದ್ಧಿವಾದ ಬಾಡಿಗೆದಾರರಿಗೆ ಅರ್ಥವಾಗಲಿಲ್ಲ. ಅವರು ಸಂಘಟನೆ ಕಟ್ಟಿ ತೇವ ವಿರೋಧಿ ಆಂದೋಲನ ಆರಂಭಿಸಿದರು. 1979ರಲ್ಲಿ ಅದರ ವರದಿಯೊಂದು ಪುಸ್ತಕವಾಗಿ ಬಂತು. ಊರಿನ ಜನ ಆ ಬಡಾವಣೆಗೆ ಡ್ಯಾಂಪೀಸ್, ಅಂದರೆ ಒದ್ದೆಮನೆಗಳು, ಎಂದೇ ಹೆಸರಿಟ್ಟರು. 1987ರಲ್ಲಿ ಅವನ್ನು ನೆಲಸಮ ಮಾಡಲಾಯಿತು. ಎರಡು ದಶಕವೂ ಬಾಳದ ಕಟ್ಟಡಗಳು! ದೋಷ ಉಸಿರಾಡುವವರದ್ದೇ ಆಗಿದ್ದರೆ ಕಟ್ಟಡವನ್ನೇಕೆ ಕೆಡವಬೇಕಿತ್ತು?

ಇಂಥ ಮನೆಗಳಲ್ಲೂ ಅತಿ ಕೆಟ್ಟವು ಹೊರಗಿನಿಂದ ಬಂದವರ ಪಾಲಿಗೆ ಬೀಳುತ್ತಿದ್ದವು. ಚರ್ಮದ ಬಣ್ಣ ನೋಡಿ ಬಾಡಿಗೆ ನಿರಾಕರಿಸುವುದು ಬ್ರಿಟನ್ನಿನಲ್ಲಿ ಕಾನೂನುಬಾಹಿರವಾದದ್ದೇ 1968ರಲ್ಲಿ. ಪೂರ್ವ ಲಂಡನ್ನಿನ ಬಂಗಾಳಿ ಕುಟುಂಬಗಳು 1976ರಲ್ಲಿ ಒಂದು ವಸತಿ ಹೋರಾಟ ಸಮಿತಿ ರಚಿಸಿಕೊಂಡು ಖಾಲಿ ಬಿದ್ದಿದ್ದ ಸರಕಾರಿ ಕಟ್ಟಡಗಳಿಗೆ ನುಗ್ಗಿ ವಾಸ ಹೂಡಿದವು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಬಾಘ್, ಅಂದರೆ ಹುಲಿ, ಎಂದಾಗುತ್ತಿತ್ತು.

ಗಾರ್ಬಲ್ಸ್‌ನ ಜಗಳ ಬೀದಿಯಲ್ಲಿ ನಡೆಯಿತು. ನ್ಯಾಯಾಲಯದಲ್ಲಿ ಏನಾಯಿತು ಎಂಬುದಕ್ಕೆ ವೇಲ್ಸ್ ಪ್ರಾಂತದ ಕ್ವಿಕ್ ಎಂಬ ಬಾಡಿಗೆದಾರರು ಟಾಫ್ ಈಲೈ ಕೌನ್ಸಿಲ್ ವಿರುದ್ಧ ಹೂಡಿದ ಮೊಕದ್ದಮೆ ನೋಡಬೇಕು. ಲೋಹದ ಚೌಕಟ್ಟಿನ ಕಿಟಕಿ, ಕಿಟಕಿಯ ಮೇಲೆ ಕಾಂಕ್ರೀಟಿನ ಲಿಂಟಲ್, ಎರಡೂ ಮಂಜುಗಡ್ಡೆಯಂತೆ ತಣ್ಣಗಾಗಿ ಮನೆಯಿಡೀ ನೀರಿಳಿಯುತ್ತಿತ್ತು. ಬಟ್ಟೆಬರೆ, ಹಾಸಿಗೆ ಕೊಳೆತವು. ಮನೆ ಸರಿಯಾಗಿ ಬಾಳಲಾಗದ ಸ್ಥಿತಿಯಲ್ಲಿದೆ ಎಂಬುದನ್ನು ಮೇಲ್ಮನವಿ ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೂ 1985ರಲ್ಲಿ ತೀರ್ಪು ಕೌನ್ಸಿಲ್ ಪರ ಬಂತು. ಕಾನೂನಿನಂತೆ ಮಾಲಿಕನ ಹೊಣೆ ರಿಪೇರಿಯದ್ದು ಮಾತ್ರ. ಕಿಟಕಿ ಮುರಿದಿಲ್ಲ, ಲಿಂಟಲ್ ಬಿರಿದಿಲ್ಲ, ಕಟ್ಟಿದ ದಿನ ಹೇಗಿತ್ತೋ ಹಾಗೆಯೇ ಇದೆ. ಕೆಟ್ಟದ್ದನ್ನು ರಿಪೇರಿ ಮಾಡಬಹುದು, ಮೊದಲಿನಿಂದಲೇ ಕೆಟ್ಟದಾಗಿ ಕಟ್ಟಿದ್ದನ್ನು ಮಾಡಬೇಕಾಗಿಲ್ಲ. ಕಾಯ್ದೆಯ ಅಕ್ಷರಕ್ಕೆ ಈ ತರ್ಕ ಸರಿಯೇ ಇದ್ದೀತು. ಆದರೆ ಇದರ ನೆರಳಲ್ಲಿ ಮುಂದಿನ ಮೂರು ದಶಕಗಳ ಕಾಲ ಮಾಲಿಕರು ಆರಾಮವಾಗಿ ಕುಳಿತರು. ಹನಿಗಟ್ಟಿದ ತೇವ ಎಂಬ ಒಂದು ಪದ ಬರೆದರೆ ಸಾಕು, ಹೊಣೆ ಕಳಚಿತು.

ವೈದ್ಯಕೀಯವಾಗಿ ಜಗಳ ತೀರಿಸುವ ಪ್ರಯತ್ನ ನಡೆದದ್ದು 1989ರಲ್ಲಿ. ಸ್ಟೀಫನ್ ಪ್ಲಾಟ್, ಕ್ಲಾಡಿಯಾ ಮಾರ್ಟಿನ್, ಸೋನಿಯಾ ಹಂಟ್ ಮತ್ತು ಕ್ರಿಸ್ ಲೂಯಿಸ್ ಎಂಬ ಸಂಶೋಧಕರು ಗ್ಲಾಸ್ಗೋ, ಎಡಿನ್‌ಬರೊ ಮತ್ತು ಲಂಡನ್ನಿನ 597 ಮನೆಗಳನ್ನು ಅಧ್ಯಯನ ಮಾಡಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಒದ್ದೆ ಮನೆಯವರು ಬೇರೆ ಮನೆ ಸಿಗಲೆಂದು ಕಾಯಿಲೆಯನ್ನು ಹೆಚ್ಚಿಸಿ ಹೇಳುತ್ತಾರೆ ಎಂಬುದು ಅದುವರೆಗಿನ ಆಕ್ಷೇಪ. ಅದಕ್ಕಾಗಿ ಆರೋಗ್ಯದ ಪ್ರಶ್ನೆ ಕೇಳಿದವರಿಗೆ ಮನೆಯ ತೇವದ ಅಳತೆ ತಿಳಿಯದಂತೆ, ತೇವ ಅಳೆದವರಿಗೆ ಆರೋಗ್ಯದ ವಿವರ ತಿಳಿಯದಂತೆ ನೋಡಿಕೊಂಡರು. ಆದಾಯ, ಧೂಮಪಾನ, ಜನದಟ್ಟಣೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಬೂಷ್ಟಿನ ಮನೆಯ ಮಕ್ಕಳಲ್ಲಿ ಉಬ್ಬಸ, ಗಂಟಲು ನೋವು, ತಲೆನೋವು, ಜ್ವರ ಹೆಚ್ಚಾಗಿರುವುದು ಕಂಡುಬಂತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆಯ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಇಷ್ಟು ಬೂಷ್ಟು ಪರವಾಗಿಲ್ಲ ಎಂಬಂಥ ಸುರಕ್ಷಿತ ಮಿತಿಯನ್ನು ನಿಗದಿ ಮಾಡಲಾಗದು ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪುರಾವೆ ಬಂದದ್ದು ಗ್ಲಾಸ್ಗೋದ ಹೊರವಲಯದ ಈಸ್ಟ್‌ಹಾಲ್ ಎಂಬ ಬಡಾವಣೆಯಿಂದ. ಅಲ್ಲಿನ ಬಾಡಿಗೆದಾರರ ಸಂಘ ಬರಿದೇ ದೂರು ಕೊಟ್ಟು ಸುಮ್ಮನಾಗದೆ ವಾಸ್ತುಶಿಲ್ಪಿಗಳನ್ನು, ತಂತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡು ತಮ್ಮ ಮನೆಯ ರೋಗವನ್ನು ತಾವೇ ಅಧ್ಯಯನ ಮಾಡಿತು. ಯುರೋಪಿಯನ್ ಸಮುದಾಯದ ನೆರವಿನಿಂದ 1990ರ ದಶಕದ ಆರಂಭದಲ್ಲಿ 36 ಫ್ಲ್ಯಾಟುಗಳನ್ನು ಸುಧಾರಿಸಲಾಯಿತು. ಗೋಡೆಗೆ ಚಳಿ ತಡೆಯುವ ಹೊದಿಕೆ, ಬಾಲ್ಕನಿಗೆ ಗಾಜು ಹಾಕಿ ಬಿಸಿಲು ಹಿಡಿಯುವ ವ್ಯವಸ್ಥೆ, ಇಡೀ ಮನೆಗೆ ಹಬ್ಬುವ ತಾಪನ ವ್ಯವಸ್ಥೆ, ಗಾಳಿ ಹೊರಹೋಗುವ ದಾರಿ. ಮನೆ ಬೆಚ್ಚಗಾಯಿತು, ಇಂಧನದ ಬಿಲ್ಲು ಇಳಿಯಿತು. ಸುಧಾರಿಸಿದ ಮನೆಯವರ ರಕ್ತದೊತ್ತಡ ಕಡಿಮೆಯಾಗಿ ಆರೋಗ್ಯ ಉತ್ತಮಗೊಂಡದ್ದನ್ನು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. ಉಸಿರಾಡುವ ಜನ, ಬೇಯುವ ಆಲೂಗಡ್ಡೆ, ಒಣಗುವ ಬಟ್ಟೆ ಎಲ್ಲ ಮೊದಲಿನವೇ. ಬದಲಾದದ್ದು ಮನೆ.

ಇಷ್ಟೆಲ್ಲ ತಿಳಿದ ಮೇಲೂ ರಾಚ್‌ಡೇಲಿನ ಆ ಫ್ಲ್ಯಾಟಿನಲ್ಲಿ ನಡೆದದ್ದೇನು? ಅವಾಬ್ ಹುಟ್ಟುವ ಮೊದಲೇ, 2017ರಲ್ಲೇ, ಅವನ ತಂದೆ ಬೂಷ್ಟಿನ ಬಗ್ಗೆ ಹೇಳಿದ್ದರು. ಮೇಲೆ ಬಣ್ಣ ಬಳಿಯಿರಿ ಎಂಬ ಸಲಹೆ ಸಿಕ್ಕಿತು. ಬಳಿದರು, ಬೂಷ್ಟು ಮತ್ತೆ ಬಂತು. 2020ರಲ್ಲಿ ವಕೀಲರ ಮೂಲಕ ಹೋದಾಗ, ಕಾನೂನು ವ್ಯವಹಾರ ಇತ್ಯರ್ಥವಾಗುವವರೆಗೆ ರಿಪೇರಿ ಮಾಡುವಂತಿಲ್ಲ ಎಂಬ ಸಂಸ್ಥೆಯ ನಿಯಮ ಅಡ್ಡ ಬಂತು. ಆ ಜುಲೈಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರೂ ಮಗುವಿನ ಬಗ್ಗೆ ಆತಂಕ ವ್ಯಕ್ತಪಡಿಸಿದ್ದರು. ಮನೆಯ ಮಾಲಿಕ ಯಾವನೋ ದುಡ್ಡಿನಾಸೆಯ ವ್ಯಕ್ತಿಯಾಗಿದ್ದರೆ ಕಥೆ ಸುಲಭವಿತ್ತು. ಆದರೆ ಅದು ರಾಚ್‌ಡೇಲ್ ಬರೋವೈಡ್ ಹೌಸಿಂಗ್ ಎಂಬ, ನಗರಸಭೆಯ ಮನೆಗಳನ್ನು 2012ರಲ್ಲಿ ವಹಿಸಿಕೊಂಡ, ಬಾಡಿಗೆದಾರರೂ ನೌಕರರೂ ಸದಸ್ಯರಾಗಿರುವ ಸಹಕಾರಿ ಮಾದರಿಯ ಸಂಸ್ಥೆ. ಟೋಡ್ ಲೇನಿನ ಪರಂಪರೆಯದ್ದೇ.

ಆ ಸಂಸ್ಥೆಯವರು ಬೂಷ್ಟಿಗೆ ಕಾರಣ ಕುಟುಂಬದ ಜೀವನಶೈಲಿ ಎಂದು ಭಾವಿಸಿದ್ದರು. ಅವರ ಸ್ನಾನದ ಧಾರ್ಮಿಕ ವಿಧಿಯಿಂದ ಮನೆ ಒದ್ದೆಯಾಗುತ್ತಿದೆ ಎಂಬ ಊಹೆಯೂ ವಿಚಾರಣೆಯ ವೇಳೆ ಹೊರಬಂತು. ಯಾವ ವಿಧಿ, ಯಾವ ಸ್ನಾನ ಎಂದು ಮನೆಯವರನ್ನು ಕೇಳಿ ತಿಳಿದುಕೊಂಡದ್ದಲ್ಲ, ಹೆಸರು ನೋಡಿ ಮಾಡಿಕೊಂಡದ್ದು. ವುಝೂ ಮಾಡಲು ಒಂದು ಚೊಂಬು ನೀರು ಸಾಕು ಎಂಬುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಅದರಿಂದ ಗೋಡೆ ಕಪ್ಪಾಗುವುದಾಗಿದ್ದರೆ ಕೈಕಾಲು ತೊಳೆದು ಒಳಗೆ ಬರುವ ಭಾರತದ ಎಲ್ಲ ಮನೆಗಳೂ ಎಂದೋ ಕಪ್ಪಾಗಬೇಕಿತ್ತು. ಅರ್ಧ ಗಂಟೆ ಬಿಸಿನೀರಿನ ಶವರಿನಡಿ ನಿಲ್ಲುವವರ ಆವಿ ಯಾರ ಕಣ್ಣಿಗೂ ವಿಧಿಯಾಗಿ ಕಾಣುವುದಿಲ್ಲ. ಆ ಊಹೆ ತಪ್ಪಾಗಿತ್ತೆಂದು ಸಂಸ್ಥೆ ಕೊನೆಗೆ ಒಪ್ಪಿಕೊಂಡಿತು, ಅದರ ಮುಖ್ಯ ಕಾರ್ಯನಿರ್ವಾಹಕರನ್ನು ವಜಾ ಮಾಡಲಾಯಿತು. ಕೇ ಎಂಬ ವೈದ್ಯರು ಐರಿಷರ ಬಗ್ಗೆ ಬರೆದ ಊರಿಗೂ ಈ ಫ್ಲ್ಯಾಟಿಗೂ ನಡುವೆ 16 ಕಿಲೋಮೀಟರ್ ಎಂಬುದನ್ನು ನೆನಪಿಡಬೇಕು.

ಸೋಜಿಗವೆಂದರೆ ಇಂಗ್ಲೆಂಡಿನ ವಸತಿ ಓಂಬುಡ್ಸ್‌ಮನ್ 2021ರ ಅಕ್ಟೋಬರಿನಲ್ಲೇ ತೇವ ಮತ್ತು ಬೂಷ್ಟಿನ ಬಗ್ಗೆ ವರದಿ ಪ್ರಕಟಿಸಿ, 'ಇದು ಜೀವನಶೈಲಿಯಲ್ಲ' ಎಂಬುದನ್ನೇ ಅದರ ಶೀರ್ಷಿಕೆಯ ಭಾಗವಾಗಿಸಿದ್ದರು. ಅವಾಬ್ ಸತ್ತು ಹತ್ತು ತಿಂಗಳಾಗಿತ್ತು, ಅವನ ಹೆಸರು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಹೆತ್ತವರ ಹೋರಾಟದಿಂದ 2023ರ ಸಾಮಾಜಿಕ ವಸತಿ ಕಾಯ್ದೆಯಲ್ಲಿ ಹೊಸ ನಿಯಮ ಸೇರಿತು. ಜನ ಅದನ್ನು ಅವಾಬ್ ಕಾನೂನು ಎನ್ನುತ್ತಾರೆ. 2025ರ ಅಕ್ಟೋಬರ್ 27ರಿಂದ ಅದು ಇಂಗ್ಲೆಂಡಿನ ಸಾಮಾಜಿಕ ಬಾಡಿಗೆ ಮನೆಗಳಿಗೆ ಜಾರಿಗೆ ಬಂತು. ಜೀವಾಪಾಯವಿದ್ದರೆ 24 ಗಂಟೆಯೊಳಗೆ ಪರಿಹಾರ. ಗಂಭೀರ ತೇವ, ಬೂಷ್ಟಿನ ದೂರಾದರೆ 10 ಕೆಲಸದ ದಿನಗಳೊಳಗೆ ತಪಾಸಣೆ, ಅದು ಮುಗಿದು 3 ದಿನಗಳೊಳಗೆ ಬಾಡಿಗೆದಾರನಿಗೆ ಲಿಖಿತ ವಿವರ, ಅಪಾಯವಿದ್ದರೆ 5 ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸುವ ಕೆಲಸ. ಜೀವನಶೈಲಿಯೇ ಕಾರಣವೆಂದು ಮೊದಲೇ ಊಹಿಸಿ ಕೈತೊಳೆದುಕೊಳ್ಳಬಾರದು ಎಂದು ಸರಕಾರದ ಮಾರ್ಗದರ್ಶಿ ಸ್ಪಷ್ಟವಾಗಿಯೇ ಬರೆದಿದೆ. ಖಾಸಗಿ ಮಾಲಿಕರ ಮನೆಗಳಿಗೂ ಇದನ್ನು ವಿಸ್ತರಿಸಲು ಅದೇ ದಿನ ಅಂಗೀಕೃತವಾದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಅವಕಾಶ ಕಲ್ಪಿಸಿತು.

ಈ ಎರಡನೆಯ ಗುಂಪಿನಲ್ಲೇ ನಮ್ಮವರೂ ಇದ್ದಾರೆ. ಓದಲು, ದಾದಿಯರಾಗಿ ದುಡಿಯಲು, ಕಂಪ್ಯೂಟರ್ ಕೆಲಸಕ್ಕೆ ಎಂದು ಬ್ರಿಟನ್ನಿಗೆ ಹೋಗಿ ಖಾಸಗಿಯವರ ಬಾಡಿಗೆ ಕೋಣೆಯಲ್ಲಿ ಮೊದಲ ಚಳಿಗಾಲ ಕಳೆಯುವ ಕನ್ನಡಿಗರು. ಅಡುಗೆ ಮಾಡುವಾಗ ಪಾತ್ರೆಗೆ ಮುಚ್ಚಳ ಹಾಕಿ, ಫ್ಯಾನ್ ಹಾಕಿ, ಬಟ್ಟೆಯನ್ನು ಹೀಟರಿನ ಮೇಲೆ ಒಣಗಿಸಬೇಡಿ, ಬೆಳಿಗ್ಗೆ ಕಿಟಕಿಯ ನೀರು ಒರಸಿ, ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ ಎಂದು ಮಾಲಿಕರು ಕೊಡುವ ಚೀಟಿಯಲ್ಲಿ ಇರುತ್ತದೆ. ಆ ಮಾತುಗಳು ಸುಳ್ಳಲ್ಲ, ಪಾಲಿಸಿದರೆ ಉಪಯೋಗವಿದೆ. ಪಾಲಿಸಿದ ಮೇಲೂ ಬೂಷ್ಟು ಬಂದರೆ ಫೋನಿನಲ್ಲಿ ಹೇಳಿ ಬಿಡಬೇಡಿ, ತಾರೀಕು ಹಾಕಿ ಬರೆದು ಕೊಡಿ. ಓಗೊಡದಿದ್ದರೆ ಸ್ಥಳೀಯ ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗಕ್ಕೆ ದೂರು ಕೊಡಬಹುದು, 2018ರ ಕಾಯ್ದೆಯ ಪ್ರಕಾರ ನ್ಯಾಯಾಲಯಕ್ಕೂ ಹೋಗಬಹುದು. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಿದರೆ ಮನೆಯೇ ಕೈತಪ್ಪೀತು, ತಿಳಿದವರನ್ನು ಕೇಳದೆ ಹಾಗೆ ಮಾಡಬೇಡಿ. ಮತ್ತು ಬಣ್ಣ ಬಳಿಯಲು ಹೇಳಿದರೆ, ಬಳಿಯುವ ಮೊದಲು ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ.